ಮೂಡಿಗೆರೆ ತೋಟದಲ್ಲಿ ಬರ್ಡ್‌ವಿಂಗ್ ಚಿಟ್ಟೆ ಕಾಣದಾಗಿರುವುದು

ನಿಮ್ಮ ತೋಟದಲ್ಲಿ ಸಹ್ಯಾದ್ರಿ ಬರ್ಡ್‌ವಿಂಗ್ ಚಿಟ್ಟೆ ಈಗ ಯಾಕೆ ಕಾಣುತ್ತಿಲ್ಲ ಎಂದು ಕೇಳಿದ್ದೀರಿ. ಮರಕಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಬಳ್ಳಿಗಳನ್ನೂ ತೆಗೆಸಿದ್ದೇವೆ ಎಂದಿದ್ದೀರಲ್ಲ, ಬಹುಶಃ ಅದೇ ಕಾರಣ. ಈ ಚಿಟ್ಟೆಯ ಹುಳು ಈಶ್ವರಿ ಬಳ್ಳಿ ಮತ್ತು ಅದೇ ಕುಟುಂಬದ ಗಿಡಗಳ ಎಲೆ ತಿಂದೇ ಬೆಳೆಯಬೇಕು. ಹೂವು ಎಷ್ಟಿದ್ದರೂ ಮೊಟ್ಟೆಯಿಡಲು ಬಳ್ಳಿ ಇಲ್ಲದಿದ್ದರೆ ಸುಮ್ನೆ.

ಮೊದಲು ಹಳ್ಳದ ಬದಿ, ಬೇಲಿ ಸಾಲು ಹುಡುಕಿ. ಬುಡ ಉಳಿದಿದ್ದರೆ ಮಳೆಗೆ ಚಿಗುರಬಹುದು. ಅಲ್ಲಿ ಬಣ್ಣದ ಬಟ್ಟೆ ಕಟ್ಟಿ, ಕಳೆ ಕೊಚ್ಚುವವರನ್ನು ಕರೆದೊಯ್ದು ಎಲೆ ತೋರಿಸಿ. ಇದೇ ಎಲ್ಲಕ್ಕಿಂತ ಮುಖ್ಯ, ಗೊತ್ತಿಲ್ಲದೆ ಕೊಚ್ಚಿಹೋಗುವುದೇ ಜಾಸ್ತಿ. ಒಂದೂ ಸಿಗದಿದ್ದರೆ ನಮ್ಮ ಕಡೆಯ ಬಳ್ಳಿಯದೇ ಬೀಜ ತಂದು ಸಸಿ ಮಾಡಿ, ಮುಂಗಾರಿನಲ್ಲಿ ನೆಡಿ. ಅಲಂಕಾರದ ವಿದೇಶಿ ತಳಿ ಬೇಡ. ಬಳ್ಳಿಯ ಹತ್ತಿರ ಕೀಟನಾಶಕ ಹೊಡೆಸಬೇಡಿ. ಹುಳು ಎಲೆ ಬೋಳಿಸಿದರೂ ಮುಟ್ಟಬೇಡಿ.

ಚಿಟ್ಟೆ ಬೇಗ ಮರಳುತ್ತದೋ ಇಲ್ಲವೋ ಅಕ್ಕಪಕ್ಕ ಕಾಡು ಎಷ್ಟು ಉಳಿದಿದೆ ಎಂಬುದರ ಮೇಲಿದೆ. ಪಕ್ಕದ ತೋಟದವರಿಗೂ ಒಂದೆರಡು ಸಸಿ ಕೊಡಿ.