ಅರ್ಧ ಅಂಕದ ಬೆಳ್ಳಿ

ಪತ್ರ: ಕಳೆದ ಸಂಚಿಕೆಯಲ್ಲಿ ರಷ್ಯಾದ ರೈಫಲ್ ಶೂಟರ್ ಲ್ಯುಬೊವ್ ಗಲ್ಕಿನಾ ಬಗ್ಗೆ ಎರಡು ಪುಟ ಬರೆದಿದ್ದೀರಿ. ಕೈಗೆ ಬಂದ ಚಿನ್ನವನ್ನು ಕೊನೇ ಗುಂಡಿನಲ್ಲಿ ಕಳೆದುಕೊಂಡವರ ಕತೆ ನಮ್ಮ ಮಕ್ಕಳಿಗೆ ಯಾಕೆ? ಗೆದ್ದವರ ಬಗ್ಗೆ ಬರೆಯಿರಿ.
– ಓದುಗರೊಬ್ಬರು, ಹಾಸನ

ಉತ್ತರ: ಗೆದ್ದವರ ಬಗ್ಗೆಯೂ ಬರೆಯಬೇಕು, ಒಪ್ಪಿದೆ. ಬರೆಯುತ್ತಲೂ ಇದ್ದೇವೆ. ಆದರೆ ನಿಮ್ಮ ಪತ್ರದ 'ಕಳೆದುಕೊಂಡವರು' ಅನ್ನೋ ಮಾತು ನನ್ನನ್ನು ಎರಡು ದಿನ ಕಾಡಿತು.

2004ರಲ್ಲಿ ನಾನು ಒಂದು ಪತ್ರಿಕೆಯ ಕ್ರೀಡಾ ವಿಭಾಗದಲ್ಲಿದ್ದೆ. ಆಗಸ್ಟ್ 14, ಅಥೆನ್ಸ್ ಒಲಿಂಪಿಕ್ಸ್‌ನ ಮೊದಲ ಚಿನ್ನ, ಮಹಿಳೆಯರ 10 ಮೀಟರ್ ಏರ್ ರೈಫಲ್. ಅರ್ಹತಾ ಸುತ್ತಿನಲ್ಲಿ ಗಲ್ಕಿನಾ 400ಕ್ಕೆ 399 ಹೊಡೆದಿದ್ದರು. ಆ ಗುರಿಯ ನಟ್ಟನಡುವಿನ ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ. ಹತ್ತು ಮೀಟರ್ ದೂರ ನಿಂತು, ಉಸಿರು ಹಿಡಿದು, ನಲವತ್ತು ಸಲ! ಫೈನಲ್‌ನಲ್ಲಿ ಒಂದು ಹೊಡೆತಕ್ಕೆ 10.9ರವರೆಗೂ ಅಂಕ ಸಿಗುತ್ತೆ. ಕೊನೇ ಹೊಡೆತಕ್ಕೆ ಮುಂಚೆ ಅವರು 0.4 ಅಂಕ ಮುಂದಿದ್ದರು. ಬಿದ್ದದ್ದು 9.7. ಚೀನಾದ ಡು ಲಿ 10.6 ಹೊಡೆದರು. ಅರ್ಹತಾ ಸುತ್ತಿನದೂ ಸೇರಿ ಡು ಲಿಗೆ 502.0, ಗಲ್ಕಿನಾಗೆ 501.5. 'ಚಿನ್ನ ಕೈಚೆಲ್ಲಿದ ಗಲ್ಕಿನಾ' ಎಂದು ತಲೆಬರಹ ಕೊಟ್ಟವನು ನಾನೇ.

ಮೂರು ದಿನ ಬಿಟ್ಟು ನಮ್ಮ ರಾಜ್ಯವರ್ಧನ್ ರಾಠೋಡ್ ಡಬಲ್ ಟ್ರ್ಯಾಪ್‌ನಲ್ಲಿ, ಅಂದರೆ ಒಟ್ಟಿಗೆ ಹಾರುವ ಎರಡು ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ, ಬೆಳ್ಳಿ ಗೆದ್ದರು. ಆ ಅಥೆನ್ಸ್‌ನಿಂದ ನಮಗೆ ಬಂದ ಒಂದೇ ಒಂದು ಪದಕ. ಕಚೇರಿಯಲ್ಲಿ ಹಬ್ಬ, ಮುಖಪುಟದಲ್ಲಿ ದೊಡ್ಡ ಫೋಟೊ. ಖುಷಿಪಟ್ಟದ್ದು ತಪ್ಪಲ್ಲ. ಆದರೆ ಅದೇ ಬೆಳ್ಳಿ ನಮ್ಮವರಿಗೆ ಬಂದರೆ ಗೆಲುವು, ಅವರಿಗೆ ಬಂದರೆ ಸೋಲು. ಇದು ಯಾವ ನ್ಯಾಯ, ನೀವೇ ಹೇಳಿ?

ಇನ್ನೂ ಬೇಸರದ್ದು ಮುಂದಿದೆ. ಆಗಸ್ಟ್ 20ರಂದು ಗಲ್ಕಿನಾ 50 ಮೀಟರ್ ಅಂಕಣಕ್ಕೆ ಇಳಿದರು. ಮಲಗಿ, ನಿಂತು, ಮಂಡಿಯೂರಿ ಹೊಡೆಯುವ ಸ್ಪರ್ಧೆ ಅದು. 688.4 ಅಂಕ, ಚಿನ್ನ. ಎರಡನೆಯವರಿಗಿಂತ ಎರಡೂವರೆ ಅಂಕ ಮುಂದೆ! ಗುರಿ ತಪ್ಪಿದ ಆ ಒಂದು ಗುಂಡಿನ ನೆನಪನ್ನು ತಲೆಯಲ್ಲಿ ಇಟ್ಟುಕೊಂಡು ಆರು ದಿನ ಹೇಗೆ ಮಲಗಿದರೋ, ಹೇಗೆ ಎದ್ದರೋ. ನಮ್ಮ ಪತ್ರಿಕೆಯಲ್ಲಿ ಅದಕ್ಕೆ ಸಿಕ್ಕಿದ್ದು ಎರಡು ಸಾಲು. ಕಳೆದ ತಿಂಗಳ ಎರಡು ಪುಟ ಆ ಸಾಲ ತೀರಿಸಲಿಕ್ಕೆ.

ನಾಲ್ಕು ವರ್ಷದ ನಂತರ ಬೀಜಿಂಗ್‌ನಲ್ಲೂ ಏರ್ ರೈಫಲ್‌ನಲ್ಲಿ ಅವರಿಗೆ ಬೆಳ್ಳಿಯೇ. ವಯಸ್ಸು 35. ಮತ್ತೆ 399 ಹೊಡೆದಿದ್ದರು. ಆದರೆ ಜೆಕ್ ದೇಶದ ಕ್ಯಾಟರಿನಾ ಎಮನ್ಸ್ ಅವತ್ತು 400ಕ್ಕೆ 400 ಹೊಡೆದುಬಿಟ್ಟರು. ಅದಕ್ಕೆ ಯಾರೇನು ಮಾಡಲಾಗುತ್ತೆ?

ನಿಮ್ಮ ಕಾಳಜಿ ಮಕ್ಕಳ ಬಗ್ಗೆ ಅಲ್ವಾ? ನನ್ನದೂ ಅದೇ. ಫಲಿತಾಂಶದ ದಿನ ನಾವು ಫೋನ್ ಮಾಡಿ ಕೇಳುವ ಮೊದಲ ಮಾತು ಯಾವುದು? 'ಕ್ಲಾಸಿಗೆ ಎಷ್ಟನೆಯವಳು?' ಎರಡನೆಯವಳು ಅಂದರೆ, 'ಎಷ್ಟು ಮಾರ್ಕ್ಸಲ್ಲಿ ಹೋಯ್ತು?' ಪಕ್ಕದ ಮನೆಯ ಹುಡುಗಿ ಇದೇ ಪ್ರಶ್ನೆಗೆ ಹೆದರಿ ಮೂರು ದಿನ ಆಚೆಗೇ ಬರಲಿಲ್ಲ. 96 ಪರ್ಸೆಂಟ್ ತೆಗೆದ ಮಗು ಅದು. ಟ್ಯೂಷನ್ ಸೆಂಟರ್‌ಗಳ ಫ್ಲೆಕ್ಸ್ ನೋಡಿ, ಮೊದಲ ಹತ್ತು ಮುಖ ಬಿಟ್ಟರೆ ಉಳಿದವರು ಓದೇ ಇಲ್ಲವೇನೋ ಅನ್ನಿಸುತ್ತೆ. ಇದನ್ನು ಕಲಿಸಿದವರಲ್ಲಿ ಪತ್ರಿಕೆಯವರಾದ ನಾವೂ ಇದ್ದೇವೆ.

ದಯವಿಟ್ಟು ಆ ಲೇಖನವನ್ನು ಇನ್ನೊಮ್ಮೆ ಓದಿ, ಮನೆಯ ಮಕ್ಕಳಿಗೂ ಓದಿ ಹೇಳಿ. ಅಂದ ಹಾಗೆ, ಅಥೆನ್ಸ್‌ನಲ್ಲಿ ಗೆದ್ದ ಡು ಲಿ ಬೀಜಿಂಗ್‌ನಲ್ಲಿ ತಮ್ಮದೇ ಜನರ ಎದುರು ಏರ್ ರೈಫಲ್‌ನಲ್ಲಿ ಐದನೆಯವರಾದರು. ಐದು ದಿನ ಕಳೆದು 50 ಮೀಟರ್‌ನಲ್ಲಿ ಚಿನ್ನ ಗೆದ್ದರು. ಮುಂದಿನ ಸಂಚಿಕೆಯ ಎರಡು ಪುಟ ಅವರಿಗೆ.

– ಸಂಪಾದಕ