ಅಲ್ಪವಿರಾಮ ಮೇಲೆ ಹತ್ತಿ ಕೂತರೆ

ಪ್ರಶ್ನೆ: ತೋಟದ ಲೆಕ್ಕಕ್ಕೆ ಅಪ್ಪ ಬಳಸುತ್ತಿದ್ದ 386 ಕಂಪ್ಯೂಟರ್ ಇನ್ನೂ ಓಡುತ್ತದೆ. ಡಾಸ್ ಎಂಬ ಹಳೆಯ ಕಾರ್ಯಾಚರಣೆ ವ್ಯವಸ್ಥೆ, ಆ ಕಾಲದ ವಿಜಿಎ ಪರದೆ. ಒಂದು ಬಿಡಿಎಫ್ ಫಾಂಟನ್ನು (ಅಕ್ಷರಗಳ ಚುಕ್ಕಿ ಚಿತ್ರಗಳಿರುವ ಫೈಲ್) ಪೈಥಾನ್ ಪ್ರೋಗ್ರಾಂನಲ್ಲಿ 4096 ಬೈಟ್‌ನ ಫೈಲ್ ಮಾಡಿ ಹಾಕಿದೆ. ಅಕ್ಷರ ಬರುತ್ತವೆ, ಆದರೆ ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ಮೇಲೆ ಹತ್ತಿ ಕೂತಿವೆ. ಇದರಲ್ಲೇ ಕನ್ನಡ ಬರುತ್ತಾ?
— ಓದುಗರು, ಪೊನ್ನಂಪೇಟೆ

ಉತ್ತರ: ಕೊಡಗಿನ ಮಳೆಗಾಲದ ತೇವ ತಡೆದುಕೊಂಡು ಆ ಯಂತ್ರ ಇನ್ನೂ ಓಡುತ್ತಿದೆ ಅಂದರೆ ನಿಜಕ್ಕೂ ಖುಷಿ. 4096 ಸರಿಯಾಗೇ ಇದೆ: 256 ಅಕ್ಷರ, ಒಂದೊಂದಕ್ಕೆ 16 ಸಾಲು, ಸಾಲಿಗೊಂದು ಬೈಟ್. ತೊಂದರೆ ಇರುವುದು ಬೇರೆ ಕಡೆ. ಬಿಡಿಎಫ್ ಫೈಲ್ ಸಾಮಾನ್ಯವಾಗಿ ಸುತ್ತಲಿನ ಖಾಲಿ ಜಾಗ ಕತ್ತರಿಸಿ, ಚುಕ್ಕಿಗಳಿರುವ ಭಾಗವನ್ನಷ್ಟೇ ಇಡುತ್ತದೆ. ವಿಜಿಎಗೆ ಆ ಖಾಲಿ ಸಾಲುಗಳೂ ಬೇಕು.

ಪ್ರತಿ ಅಕ್ಷರದ 'ಬಿಬಿಎಕ್ಸ್' ಸಾಲು ನೋಡಿ. ಅಲ್ಲಿ ನಾಲ್ಕು ಅಂಕಿ ಇರುತ್ತವೆ: ಅಗಲ, ಎತ್ತರ, ಅಡ್ಡ ಸರಿತ (ಪಕ್ಕಕ್ಕೆ ಎಷ್ಟು ಚುಕ್ಕಿ), ಉದ್ದ ಸರಿತ (ಅಕ್ಷರ ಕೂರುವ ಗೆರೆಯಿಂದ ಮೇಲೆ ಅಥವಾ ಕೆಳಗೆ ಎಷ್ಟು ಸಾಲು). ಫಾಂಟಿನ ಅಸೆಂಟ್ (ಆ ಗೆರೆಯ ಮೇಲಿನ ಸಾಲು) 12, ಡಿಸೆಂಟ್ (ಕೆಳಗಿನ ಸಾಲು) 4, ಅಲ್ಪವಿರಾಮದ ಎತ್ತರ 3, ಉದ್ದ ಸರಿತ -2 ಅಂತಿಟ್ಟುಕೊಳ್ಳಿ. ಎತ್ತರಕ್ಕೆ ಸರಿತ ಕೂಡಿಸಿದರೆ 1, ಅದನ್ನು 12ರಲ್ಲಿ ಕಳೆದರೆ 11. ಮೇಲೆ 11 ಸೊನ್ನೆ ಬೈಟ್, ಆಮೇಲೆ ಅಕ್ಷರದ 3, ಕೆಳಗೆ ಉಳಿದ 2. ಅಡ್ಡ ಸರಿತ ಎಷ್ಟಿದೆಯೋ ಅಷ್ಟು ಬಿಟ್ ಬಲಕ್ಕೆ ತಳ್ಳಿ.

ಇನ್ನೊಂದು ವಿಷಯ, 127ರ ಮೇಲಿನ ಅಕ್ಷರಗಳನ್ನು ಸುಮ್ನೆ ಸಾಲಾಗಿ ತುಂಬಬೇಡಿ. ಈಗಿನ ಬಿಡಿಎಫ್‌ಗಳಲ್ಲಿ ಜಾಸ್ತಿ ಯೂನಿಕೋಡ್ ಸಂಖ್ಯೆಗಳೇ ಇರುತ್ತವೆ, ಡಾಸ್‌ನದು ಸಾಮಾನ್ಯವಾಗಿ ಕೋಡ್ ಪೇಜ್ 437 ಅನ್ನುವ ಬೇರೆ ಸಂಖ್ಯೆಗಳ ಪಟ್ಟಿ. ಪಟ್ಟಿ ನೋಡಿ ಜಾಗ ಬದಲಿಸದಿದ್ದರೆ ಕೋಷ್ಟಕದ ಗೆರೆಗಳೆಲ್ಲ ಕೆಡುತ್ತವೆ.

ಈಗ ಕನ್ನಡ. ನಿಮ್ಮ ಊರಿನ ಹೆಸರನ್ನೇ ಬರೆದು ನೋಡಿ. 'ನ್ನ'ದ ಒತ್ತು ಕೆಳಗೆ ಇಳಿಯಬೇಕು, 16 ಸಾಲಿನಲ್ಲಿ ಮೇಲಿನ ಅಕ್ಷರ ಕುಗ್ಗಿಸದೆ ಅದಕ್ಕೆ ಜಾಗ ಸಿಗುವುದಿಲ್ಲ. ಗೋಣಿಕೊಪ್ಪದ 'ಪ್ಪ'ಕ್ಕೂ ಅದೇ ಕಥೆ. ಎಂಟು ಚುಕ್ಕಿಯ ಅಗಲವೂ ಸಾಲದು. ಒಂದು ಅಕ್ಷರಕ್ಕೆ ಪಕ್ಕಪಕ್ಕದ ಎರಡು ಮನೆ ಜೋಡಿಸೋಣ ಅಂದರೆ ವಿಜಿಎ ಟೆಕ್ಸ್ಟ್ ಮೋಡ್ (ಪರದೆಯನ್ನು ಅಕ್ಷರದ ಮನೆಗಳಾಗಿ ಹಂಚುವ ಕ್ರಮ) ಸಾಮಾನ್ಯವಾಗಿ ಪ್ರತಿ ಮನೆಯ ಒಂಬತ್ತನೆಯ ಚುಕ್ಕಿಯನ್ನು ಖಾಲಿ ಬಿಡುತ್ತದೆ, 192ರಿಂದ 223ರವರೆಗಿನ ಅಕ್ಷರಗಳಿಗೆ ಮಾತ್ರ ಎಂಟನೆಯದನ್ನೇ ಮತ್ತೆ ಎಳೆಯುತ್ತದೆ. ಅಂದರೆ ಅಕ್ಷರದ ನಡುವೆ ಸೀಳು ಬೀಳುತ್ತದೆ. ಎಂಟು ಚುಕ್ಕಿಯ ಮೋಡ್‌ಗೆ ಬದಲಾಯಿಸಿದರೆ ಸೀಳು ಹೋಗುತ್ತದೆ, ಆದರೆ ಒತ್ತಿನ ಜಾಗದ ತೊಂದರೆ ಹಾಗೇ ಇರುತ್ತದೆ, ಅಲ್ವಾ?

ಅದಕ್ಕೇ ನನ್ನ ಸಲಹೆ, ಕನ್ನಡವನ್ನು ಟೆಕ್ಸ್ಟ್ ಮೋಡ್‌ನಲ್ಲಿ ತುರುಕಬೇಡಿ. 640×480 ಚುಕ್ಕಿಗಳ, ಒಂದೊಂದು ಚುಕ್ಕಿಯನ್ನೂ ನಾವೇ ಬಿಡಿಸಬಹುದಾದ ಗ್ರಾಫಿಕ್ಸ್ ಮೋಡ್‌ಗೆ ಹೋಗಿ, 24 ಸಾಲು ಎತ್ತರದ ಅಕ್ಷರ ಬಿಡಿಸಿ. ಪರದೆಯಲ್ಲಿ 20 ಸಾಲು ಬರಹ ಹಿಡಿಯುತ್ತದೆ, ತೋಟದ ಲೆಕ್ಕಕ್ಕೆ ಧಾರಾಳ. ಒತ್ತುಗಳನ್ನು ಬೇರೆ ಚಿತ್ರಗಳಾಗಿ ಇಟ್ಟುಕೊಂಡು ಮೂಲ ಅಕ್ಷರದ ಕೆಳಗೆ ಜೋಡಿಸಿ, ಆಗ ಪ್ರತಿ ಜೋಡಿಗೂ ಹೊಸ ಚಿತ್ರ ಬಿಡಿಸುವ ಕೆಲಸ ತಪ್ಪುತ್ತದೆ.