ಗಡಿಯಾರ ದಾವಣಗೆರೆಯದ್ದೇ ಇರಲಿ

ದಾವಣಗೆರೆಯ ಓದುಗರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಸಾರ ಇಷ್ಟು: ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗನಿಗೆ ಈಗ ಒಂದು ವರ್ಷ ಹತ್ತು ತಿಂಗಳು. ಅತ್ತೆಯವರನ್ನೂ ಕರೆದುಕೊಂಡು ಮೊದಲ ಸಲ ವಿದೇಶಕ್ಕೆ, ಅಂದರೆ ಸಿಂಗಾಪುರಕ್ಕೆ ಹೊರಡುವ ಯೋಚನೆ. ಮಗುವಿನ ಎರಡನೇ ಹುಟ್ಟುಹಬ್ಬ ಅಲ್ಲೇ ಮಾಡುವ ಆಸೆ. ಟ್ರಾವೆಲ್ ಏಜೆಂಟು ಆರು ದಿನದಲ್ಲಿ ಸಿಂಗಾಪುರ, ಮಲೇಷ್ಯಾ ಎರಡನ್ನೂ ತೋರಿಸುವ ಪ್ಯಾಕೇಜ್ ಕೊಟ್ಟಿದ್ದಾರೆ. ಅತ್ತೆಯವರು, "ಆ ಕೂಸಿಗೆ ಏನು ನೆನಪಿರ್ತದೆ ಅಂತ ಅಷ್ಟು ದುಡ್ಡು ಸುರೀತೀರಿ?" ಎನ್ನುತ್ತಿದ್ದಾರೆ. ಓದುಗರ ಪ್ರಶ್ನೆ ಬೇರೆ. ಅದು ಪತ್ರದ ಕೊನೆಗೆ, ಸಣ್ಣ ಅಕ್ಷರದಲ್ಲಿದೆ: "ಎಲ್ಲರೂ ಊರು ನೋಡುತ್ತಾರೆ, ನಾನು ಡೈಪರ್ ಬದಲಿಸುತ್ತೇನೆ. ಇದು ರಜೆಯಾ?"

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಅತ್ತೆಯವರ ಮಾತು. ಅವರು ಹೇಳಿದ್ದು ನಿಜ, ಮಗುವಿಗೆ ಏನೂ ನೆನಪಿರುವುದಿಲ್ಲ. ನನ್ನ ಮಗಳನ್ನು ಎರಡೂಕಾಲು ವರ್ಷಕ್ಕೆ ಅದೇ ಊರಿಗೆ ಕರೆದುಕೊಂಡು ಹೋಗಿದ್ದೆ. ಈಗ ಎಂಟನೇ ಕ್ಲಾಸು. ಆಲ್ಬಮ್ ತೆಗೆದಾಗಲೆಲ್ಲ ಅವಳು ಕೇಳುವುದು ಒಂದೇ, "ಅಮ್ಮಾ, ಎಲ್ಲ ಫೋಟೋದಲ್ಲೂ ನಾನು ಯಾಕೆ ಅಳ್ತಿದ್ದೀನಿ?" ಹಾಗಾಗಿ ಮಗುವಿಗೆ ಊರು ತೋರಿಸಲು ಹೋಗುತ್ತಿದ್ದೇವೆ ಎಂಬ ನೆಪ ಬಿಟ್ಟುಬಿಡಿ. ಹೋಗುತ್ತಿರುವುದು ನೀವು ಮೂವರು ದೊಡ್ಡವರು, ಮಗು ಜೊತೆಗೆ ಬರುತ್ತಿದೆ. ಇದನ್ನು ಒಪ್ಪಿಕೊಂಡರೆ ಅರ್ಧ ತಲೆನೋವು ಹೋಗುತ್ತದೆ. ಮಗುವಿಗಾಗಿ ಎಂದು ದುಬಾರಿ ಟಿಕೆಟ್ ಕೊಳ್ಳುವುದೂ ತಪ್ಪುತ್ತದೆ.

ಅವಳು ಯಾಕೆ ಅಳುತ್ತಿದ್ದಳು ಎಂದು ಹೇಳಿಬಿಡುತ್ತೇನೆ, ನಿಮ್ಮ ಪ್ಯಾಕೇಜಿನಲ್ಲೂ ಅದೇ ಕಾಣುತ್ತಿದೆ. ರಾತ್ರಿ ಹನ್ನೊಂದೂವರೆಯ ವಿಮಾನ. ಬೆಂಗಳೂರಿನಿಂದ ನಾಲ್ಕೂವರೆ ಗಂಟೆ. ಮಗಳು ಮಲಗಿದ್ದು ಎರಡು ಗಂಟೆ ಇರಬಹುದು. ಅಲ್ಲಿ ಇಳಿದಾಗ ಬೆಳಗಿನ ಆರೂವರೆ, ಅಂದರೆ ಅವಳ ಲೆಕ್ಕದಲ್ಲಿ ನಡುರಾತ್ರಿ ಕಳೆದು ನಾಲ್ಕು. ಹೋಟೆಲಿನವರು ರೂಮು ಕೊಡುವುದು ಮಧ್ಯಾಹ್ನ ಮೂರಕ್ಕೆ. ಆ ಎಂಟೂವರೆ ಗಂಟೆ ಏನು ಮಾಡಬೇಕು? ಟೂರ್‌ನವರು ನೇರ ಬಸ್ಸಿಗೆ ಹತ್ತಿಸಿ ಸಿಟಿ ಟೂರ್ ಎಂದು ಹೊರಡಿಸಿಬಿಟ್ಟರು. ಸಿಂಹದ ತಲೆ ಮೀನಿನ ಮೈ ಇರುವ ಆ ಮೆರ್ಲಯನ್ ಪ್ರತಿಮೆಯ ಎದುರು ನನ್ನ ಭುಜದ ಮೇಲೆ ವಾಂತಿ. ಬದಲಿ ಬಟ್ಟೆಯೆಲ್ಲ ಬಸ್ಸಿನ ಹೊಟ್ಟೆಯೊಳಗಿನ ಸೂಟ್‌ಕೇಸಿನಲ್ಲಿ. ಬಿಸಿಲಿನಲ್ಲಿ ಹಾಲಿನ ವಾಸನೆ ಹೊಡೆಯುವ ಚೂಡಿದಾರದ ದುಪಟ್ಟಾ ಹಿಂಡುತ್ತಾ ನಿಂತಿದ್ದೆ. ನಮ್ಮವರು, "ಒಂದೇ ಒಂದು ಫೋಟೋ, ಇತ್ತ ನೋಡು" ಎನ್ನುತ್ತಿದ್ದರು. ಆ ಫೋಟೋ ಈಗಲೂ ಇದೆ.

ಆಮೇಲೆ ತಂಗಿ ಮತ್ತು ಅವಳ ಎರಡು ವರ್ಷದ ಮಗನ ಜೊತೆ ಮತ್ತೆ ಹೋದೆ. ಆಗ ಹಿಂದಿನ ರಾತ್ರಿಯಿಂದಲೇ ರೂಮು ಬುಕ್ ಮಾಡಿದ್ದೆವು. ಒಂದು ದಿನದ ಬಾಡಿಗೆ ಜಾಸ್ತಿ ಆಯಿತು, ನಿಜ. ಬೆಳಿಗ್ಗೆ ಏಳೂವರೆಗೆ ಪರದೆ ಎಳೆದು ಎಲ್ಲರೂ ಮಧ್ಯಾಹ್ನದವರೆಗೆ ಮಲಗಿದೆವು. ಇಡೀ ಪ್ರವಾಸದಲ್ಲಿ ಅಷ್ಟು ಸಾರ್ಥಕವಾದ ಖರ್ಚು ಇನ್ನೊಂದಿಲ್ಲ. ಹಗಲಿನ ವಿಮಾನ ಸಿಕ್ಕರೆ ಇನ್ನೂ ಒಳ್ಳೆಯದು.

ಮಲೇಷ್ಯಾ ಬಿಟ್ಟುಬಿಡಿ. ಸುಮ್ನೆ ಹೇಳುತ್ತಿಲ್ಲ. ಸಿಂಗಾಪುರದಿಂದ ಕ್ವಾಲಾಲಂಪುರಕ್ಕೆ ಬಸ್ಸಿನಲ್ಲಿ ಐದಾರು ಗಂಟೆ. ನಡುವೆ ಗಡಿಯಲ್ಲಿ ಎರಡು ಸಲ ಇಳಿದು, ಎರಡು ದೇಶದವರ ಕೌಂಟರಿನ ಮುಂದೆ ಸಾಲು ನಿಲ್ಲಬೇಕು. ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ನಾಲ್ಕು ಪಾಸ್‌ಪೋರ್ಟು, ಮಂಡಿ ನೋವಿನ ಅತ್ತೆ. ಏಜೆಂಟರಿಗೆ "ಎರಡು ದೇಶ" ಎಂದು ಬೋರ್ಡು ಬರೆಯಲು ಚೆಂದ, ಹೊತ್ತುಕೊಂಡು ತಿರುಗುವವರು ನೀವು. ಆರು ದಿನವೂ ಒಂದೇ ಊರು, ಒಂದೇ ರೂಮು ಇರಲಿ.

ಈಗ ಮುಖ್ಯ ವಿಷಯ. ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಹೋದವರೆಲ್ಲ ಮೊದಲ ದಿನವೇ ಮಗುವನ್ನು ಅಲ್ಲಿನ ಟೈಮಿಗೆ ಹೊಂದಿಸಲು ಒದ್ದಾಡುತ್ತಾರೆ. ಒದ್ದಾಡಿ ಮುಗಿಯುವಷ್ಟರಲ್ಲಿ ವಾಪಸು ಬರುವ ದಿನ. ಹೊಂದಿಸಲೇಬೇಡಿ! ನಿಮ್ಮ ಪತ್ರದ ಪ್ರಕಾರ ಮಗ ಏಳಕ್ಕೆ ಏಳುತ್ತಾನೆ, ಮಧ್ಯಾಹ್ನ ಒಂದರಿಂದ ಮೂರು ನಿದ್ದೆ, ರಾತ್ರಿ ಒಂಬತ್ತಕ್ಕೆ ಮಲಗುತ್ತಾನೆ. ಅದನ್ನು ಹಾಗೇ ಎತ್ತಿ ಅಲ್ಲಿಡಿ. ಎದ್ದಾಗ ಅಲ್ಲಿ ಒಂಬತ್ತೂವರೆ. ಮಧ್ಯಾಹ್ನದ ನಿದ್ದೆ ಮೂರೂವರೆಯಿಂದ ಐದೂವರೆ. ರಾತ್ರಿ ಮಲಗುವುದು ಹನ್ನೊಂದೂವರೆ. ಸಮಭಾಜಕ ವೃತ್ತದ ಪಕ್ಕದ ಊರು ಅದು. ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ ಬಂದು ಹೋಗುವುದು ಅಲ್ಲಿ ಮಾಮೂಲು. ಆ ಹೊತ್ತಿಗೆ ನಿಮ್ಮ ಪಾಪು ರೂಮಿನಲ್ಲಿ ಗೊರಕೆ ಹೊಡೆಯುತ್ತಿರುತ್ತದೆ. ಊರು ಚೆಂದ ಕಾಣುವುದು ರಾತ್ರಿ, ಆಗ ನಿಮ್ಮ ಮಗ ಪೂರ್ತಿ ಎಚ್ಚರ. ಗಾರ್ಡನ್ಸ್ ಬೈ ದ ಬೇ ಗೊತ್ತಲ್ವಾ, 2012ರಲ್ಲಿ ತೆರೆದ ದೊಡ್ಡ ಉದ್ಯಾನ? ಅಲ್ಲಿ 25ರಿಂದ 50 ಮೀಟರ್ ಎತ್ತರದ ಕಬ್ಬಿಣದ ಮರಗಳಿವೆ. ಅವುಗಳ ದೀಪದ ಆಟ ರಾತ್ರಿ 7.45ಕ್ಕೆ ಒಂದು ಸಲ, 8.45ಕ್ಕೆ ಇನ್ನೊಂದು ಸಲ. ಟಿಕೆಟ್ ಇಲ್ಲ. ಅಲ್ಲಿನ 8.45 ಎಂದರೆ ಮಗನಿಗೆ ಸಂಜೆ ಆರೂಕಾಲು, ಮನೆಯಲ್ಲಾದರೆ ಬೀದಿಯಲ್ಲಿ ಓಡಾಡುವ ಹೊತ್ತು. ಪಕ್ಕದಲ್ಲಿ ಬೇರೆಯವರ ಮಕ್ಕಳು ಸ್ಟ್ರೋಲರಿನಲ್ಲಿ ತಲೆ ವಾಲಿಸಿ ನಿದ್ದೆ ಹೋಗಿರುತ್ತವೆ. ಒಂದೇ ತೊಂದರೆ, ಹೋಟೆಲಿನ ಬೆಳಗಿನ ತಿಂಡಿ ಹತ್ತು, ಹತ್ತೂವರೆಗೆ ಮುಗಿದುಹೋಗುತ್ತದೆ. ಒಬ್ಬರು ಮೊದಲೇ ಇಳಿದು ತಿಂದು ಬನ್ನಿ.

ಉಳಿದುಕೊಳ್ಳಲು ಲಿಟ್ಲ್ ಇಂಡಿಯಾ ಎಂದೇ ಹೇಳುತ್ತೇನೆ. ವಿದೇಶಕ್ಕೆ ಹೋಗಿ ಮತ್ತೆ ಇಡ್ಲಿ ವಡೆ ಬೀದಿಯಲ್ಲೇ ಇರುವುದಾ ಎಂದು ನಿಮ್ಮವರು ಮೂಗು ಮುರಿಯಬಹುದು. ಮುರಿಯಲಿ. ಸೆರಂಗೂನ್ ರಸ್ತೆಯಲ್ಲಿ ನಮ್ಮ ಎಂಟಿಆರ್ ಇದೆ, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರಿಗೆ. 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಕೂಡ ಅದೇ ರಸ್ತೆ. ಡೈಪರ್ ಮುಗಿದರೆ ರಾತ್ರಿ ಹೊತ್ತಿನಲ್ಲೂ ತೆರೆದಿರುವ ಮುಸ್ತಫಾ ಅಂಗಡಿ. ಇದೆಲ್ಲಕ್ಕಿಂತ ಮುಖ್ಯ, ಮಕ್ಕಳ ದೊಡ್ಡ ಆಸ್ಪತ್ರೆ ಕೆಕೆಎಚ್ ಅಲ್ಲಿಂದ ನಡೆದು ಹೋಗುವ ದೂರದಲ್ಲಿದೆ. ಮಕ್ಕಳ ಎಮರ್ಜೆನ್ಸಿ ವಿಭಾಗ ದಿನದ 24 ಗಂಟೆಯೂ ತೆರೆದಿರುತ್ತದೆ. ಅಲ್ಲಿಗೆ ಹೋಗುವ ಪ್ರಸಂಗ ಬಾರದಿರಲಿ, ಆದರೆ ಇದೆ ಎಂದು ಗೊತ್ತಿದ್ದರೆ ರಾತ್ರಿ ನಿದ್ದೆ ಬರುತ್ತದೆ. ಆಂಬುಲೆನ್ಸ್ ನಂಬರ್ 995. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸದೆ ಹೊರಡಬೇಡಿ, ಮಗುವಿನ ಹೆಸರೂ ಅದರಲ್ಲಿರಲಿ. ಅಡುಗೆಮನೆ ಇರುವ ಫ್ಲ್ಯಾಟ್ ನಾಲ್ಕು ದಿನಕ್ಕೆ ಬಾಡಿಗೆಗೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ಖಾಸಗಿ ಫ್ಲ್ಯಾಟುಗಳನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಕೊಡುವುದು ಕಾನೂನುಬಾಹಿರ. ಹೋಟೆಲೇ ಗತಿ. ಬುಕ್ ಮಾಡುವಾಗಲೇ ಮಗುವಿಗೆ ತೊಟ್ಟಿಲು ಮಂಚ ಬೇಕು ಎಂದು ಬರೆದು ಕೇಳಿ. ಅತ್ತೆಯವರಿಗೆ ಪಕ್ಕದ ರೂಮು.

ಲಿಟ್ಲ್ ಇಂಡಿಯಾದ ಇನ್ನೊಂದು ಅನುಕೂಲ ಮೆಟ್ರೋ, ಅಲ್ಲಿಯವರು ಎಂಆರ್‌ಟಿ ಎನ್ನುತ್ತಾರೆ. ಒಂದೇ ಡೌನ್‌ಟೌನ್ ಲೈನಿನಲ್ಲಿ ಈ ಕಡೆ ಮೂರು ಸ್ಟಾಪ್ ಹೋದರೆ ಬೊಟಾನಿಕ್ ಗಾರ್ಡನ್ಸ್, ಆ ಕಡೆ ನಾಲ್ಕು ಸ್ಟಾಪ್ ಹೋದರೆ ಬೇಫ್ರಂಟ್, ಅಲ್ಲಿಂದ ಕಬ್ಬಿಣದ ಮರಗಳ ಉದ್ಯಾನ. ಎಲ್ಲೂ ಬದಲಾಯಿಸಬೇಕಿಲ್ಲ. ಸ್ಟೇಷನ್ನುಗಳಲ್ಲಿ ಲಿಫ್ಟ್ ಇದೆ, 90 ಸೆಂಟಿಮೀಟರ್ ಎತ್ತರದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಆ ರೈಲಿಗೆ ಡ್ರೈವರೂ ಇಲ್ಲ! ಅದೇ ನಿಮ್ಮ ಮಗನಿಗೆ ದೊಡ್ಡ ಆಟ. ಎಲ್ಲಕ್ಕಿಂತ ಮುಂದಿನ ಬೋಗಿಗೆ ಹತ್ತಿ, ಡ್ರೈವರ್ ಕೂರಬೇಕಾದ ಕಡೆ ದೊಡ್ಡ ಗಾಜು ಇರುತ್ತದೆ. ತಂಗಿಯ ಮಗ ಮೂಗನ್ನು ಆ ಗಾಜಿಗೆ ಚಪ್ಪಟೆಯಾಗುವ ಹಾಗೆ ಒತ್ತಿ ನಿಂತ. ಸುರಂಗದ ದೀಪಗಳು ಒಂದೊಂದಾಗಿ ಎದುರಿಗೆ ಓಡಿ ಬಂದವು. ಪ್ರತಿ ದೀಪಕ್ಕೂ "ಬಂತು, ಬಂತು". ಗಾಜಿನ ಮೇಲೆ ಅವನ ಉಸಿರಿನ ಮಂಜು. ಇಳಿಯಬೇಕಾದ ಸ್ಟಾಪು ದಾಟಿ ಹೋಯಿತು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಮರುದಿನ ಅಷ್ಟು ದುಡ್ಡು ಕೊಟ್ಟು ತೋರಿಸಿದ ಯಾವುದಕ್ಕೂ ಅವನು ಅಷ್ಟು ಕುಣಿಯಲಿಲ್ಲ. ಒಂದು ಎಚ್ಚರಿಕೆ: ಈ ರೈಲಿನೊಳಗೆ ತಿನ್ನುವ ಹಾಗಿಲ್ಲ, ನೀರು ಕುಡಿಯುವ ಹಾಗೂ ಇಲ್ಲ. ದಂಡ 500 ಡಾಲರ್‌ವರೆಗೆ. ಹತ್ತುವ ಮೊದಲೇ ಕೈಯಲ್ಲಿರುವ ಬಿಸ್ಕತ್ತು ಮುಗಿಸಿ.

ದಿನಕ್ಕೆ ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ, ಅಷ್ಟೇ. ಬೊಟಾನಿಕ್ ಗಾರ್ಡನ್ಸ್ 1859ರದ್ದು, ಯುನೆಸ್ಕೋ ಪಟ್ಟಿಯಲ್ಲಿದೆ, ಪ್ರವೇಶ ಉಚಿತ. ಅದರೊಳಗೆ ಜೇಕಬ್ ಬ್ಯಾಲಸ್ ಎಂಬ ಮಕ್ಕಳ ತೋಟವಿದೆ. ಅಲ್ಲಿ ಮಗು ಇಲ್ಲದ ದೊಡ್ಡವರನ್ನು ಒಳಗೆ ಬಿಡುವುದಿಲ್ಲ, ಅಂದರೆ ಅವತ್ತು ನಿಮ್ಮನ್ನು ಒಳಗೆ ಕರೆದುಕೊಂಡು ಹೋಗುವವನು ನಿಮ್ಮ ಮಗ. ಗಾರ್ಡನ್ಸ್ ಬೈ ದ ಬೇಯಲ್ಲೂ ಮಕ್ಕಳಿಗೆ ನೀರಾಟದ ಜಾಗ ಇದೆ, ಅದೂ ಉಚಿತ. ಸೋಮವಾರ ಮಾತ್ರ ಮಕ್ಕಳ ಈ ಎರಡು ಜಾಗಕ್ಕೂ ಹೋಗಬೇಡಿ, ರಜೆ. ಝೂ ಊರಾಚೆ ಮಂಡಾಯಿಯಲ್ಲಿದೆ, ಮೂರು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಟ್ಯಾಕ್ಸಿ ಮಾಡಿ. ಟ್ಯಾಕ್ಸಿ ಎಂದೆ, ಗಮನಿಸಿ. ಅಲ್ಲಿ 1.35 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ಟ್ಯಾಕ್ಸಿಗೆ ವಿನಾಯಿತಿ ಇದೆ, ಆ್ಯಪ್‌ನಲ್ಲಿ ಕರೆಸುವ ಖಾಸಗಿ ಕಾರುಗಳಿಗೆ ಇಲ್ಲ. ಯೂನಿವರ್ಸಲ್ ಸ್ಟುಡಿಯೋಸ್ ಈ ಸಲ ಬೇಡ, ಅಲ್ಲಿನ ದೊಡ್ಡ ಆಟಗಳಿಗೆ ಎತ್ತರದ ಮಿತಿ ಇದೆ. ಕೊನೆಯ ದಿನ ವಿಮಾನ ನಿಲ್ದಾಣಕ್ಕೆ ನಾಲ್ಕು ಗಂಟೆ ಮೊದಲೇ ಹೋಗಿ. ಅದಕ್ಕೆ ಅಂಟಿಕೊಂಡೇ ಇರುವ ಜ್ಯೂವೆಲ್ ಎಂಬ ಮಾಲ್‌ನಲ್ಲಿ ಛಾವಣಿಯಿಂದ 40 ಮೀಟರ್ ಕೆಳಗೆ ನೀರು ಬೀಳುತ್ತದೆ, ನೋಡಲು ಕಾಸಿಲ್ಲ. ನಮ್ಮ ಜೋಗ ನೋಡಿದ ಅತ್ತೆಯವರು ಏನೆನ್ನುತ್ತಾರೋ ನನಗೂ ಕುತೂಹಲ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಮಗುವಿಗೆ ಅದರದ್ದೇ ಪಾಸ್‌ಪೋರ್ಟು, ಅದರದ್ದೇ ವೀಸಾ ಬೇಕು. ಅಲ್ಲಿ ಇಳಿಯುವ ದಿನವನ್ನೂ ಲೆಕ್ಕ ಹಿಡಿದು ಅದರ ಮುಂಚಿನ ಮೂರು ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಎಂಬ ಫಾರಂ ಆನ್‌ಲೈನಿನಲ್ಲಿ ತುಂಬಬೇಕು, ಮಗುವಿನದ್ದೂ ಸೇರಿ. ಅದು ಉಚಿತ, ದುಡ್ಡು ಕೇಳಿದರೆ ಅದು ಸರ್ಕಾರದ ಜಾಲತಾಣ ಅಲ್ಲ.

ಆದರೆ ಹುಟ್ಟುಹಬ್ಬದ ವಿಷಯ ಬೇಗ ಹೇಳುವಂಥದ್ದಲ್ಲ. ಎರಡು ತುಂಬದ ಮಗು ತೊಡೆಯ ಮೇಲೆ ಕೂರುತ್ತದೆ, ಟಿಕೆಟು ಸಾಮಾನ್ಯವಾಗಿ ದೊಡ್ಡವರ ದರದ ಶೇ. 10ರಷ್ಟು. ಎರಡು ತುಂಬಿದ ದಿನದಿಂದ ಸ್ವಂತ ಸೀಟು ಬೇಕು. ನಿಮ್ಮ ಮಗ ಹೋಗುವಾಗ ತೊಡೆಯ ಕೂಸು, ಬರುವಾಗ ಸೀಟಿನ ಸಾಹೇಬರು! ಏಜೆಂಟರ ಕೊಟೇಶನ್ನಿನಲ್ಲಿ ಎರಡು ಕಡೆಗೂ ತೊಡೆಯ ದರವನ್ನೇ ಹಾಕಿದ್ದಾರೆ, ಪತ್ರದ ಜೊತೆ ನೀವು ಕಳಿಸಿದ ಪ್ರತಿಯಲ್ಲಿ ನೋಡಿದೆ. ಇವತ್ತೇ ಫೋನ್ ಮಾಡಿ ಸರಿಪಡಿಸಿಕೊಳ್ಳಿ. ಇಲ್ಲದಿದ್ದರೆ ವಾಪಸು ಬರುವಾಗ ಕೌಂಟರಿನಲ್ಲಿ ಅವತ್ತಿನ ರೇಟಿಗೆ ಟಿಕೆಟ್ ಕೊಳ್ಳಬೇಕಾದೀತು. ವಿಮಾನ ಏರುವಾಗ, ಅದಕ್ಕಿಂತ ಮುಖ್ಯವಾಗಿ ಇಳಿಯುವಾಗ, ಬಾಟಲಿಯಲ್ಲಿ ಹಾಲೋ ನೀರೋ ಕೊಡುತ್ತಿರಿ. ನುಂಗುತ್ತಿದ್ದರೆ ಕಿವಿ ಕಟ್ಟುವುದಿಲ್ಲ. ಮಗುವಿನ ಹಾಲು, ಊಟಕ್ಕೆ 100 ಮಿಲಿಲೀಟರ್ ನಿಯಮ ಇಲ್ಲ, ಸೆಕ್ಯೂರಿಟಿಯವರ ಮುಂದೆ ತೆಗೆದು ತೋರಿಸಿದರೆ ಸಾಕು.

ಇನ್ನು ನಿಮ್ಮ ಕೊನೆಯ ಸಾಲು. ಈ ಪ್ಯಾರಾವನ್ನು ನಿಮ್ಮ ಯಜಮಾನರ ಎದುರು ಜೋರಾಗಿ ಓದಿ. ಸ್ವಾಮಿ, ಡೈಪರ್ ಬದಲಿಸಲು ವೀಸಾ ಬೇಡ, ಗಂಡಸರಿಗೂ ಬರುತ್ತದೆ. ಬೆಳಗಿನ ಪಾಳಿ ನಿಮ್ಮದು: ಮಗು ಎದ್ದಾಗಿನಿಂದ ರೂಮು ಬಿಡುವವರೆಗೆ ಹಲ್ಲು, ಸ್ನಾನ, ಊಟ, ಬ್ಯಾಗು ತುಂಬುವುದು ಎಲ್ಲ. ಮಧ್ಯಾಹ್ನ ಮಗುವಿನ ನಿದ್ದೆಯ ಎರಡು ಗಂಟೆ ಅತ್ತೆಯವರು ರೂಮಿನಲ್ಲಿರುತ್ತಾರೆ. ಹೇಗೂ ಅವರಿಗೂ ಕಾಲು ಚಾಚಬೇಕು. ಆ ಎರಡು ಗಂಟೆ ನೀವಿಬ್ಬರೂ ಹೊರಗೆ. ಒಂದು ದಿನವಾದರೂ ನಿಮ್ಮ ಹೆಂಡತಿ ಒಬ್ಬರೇ ಹೊರಗೆ ಹೋಗಲಿ, ಎಲ್ಲಿಗೆ ಎಂದು ಕೇಳಬೇಡಿ. ಇದನ್ನು ಹೊರಡುವ ಮೊದಲೇ ಮಾತಾಡಿ ಮುಗಿಸಿ, ಅಲ್ಲಿ ಹೋದ ಮೇಲೆ ನೋಡೋಣ ಎಂದರೆ ಆಗುವುದಿಲ್ಲ. ನಾನು ಹಾಗೆ ಅಂದುಕೊಂಡೇ ಮೊದಲ ಸಲ ಹೋಗಿದ್ದೆ.

ಊಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೊಸರನ್ನ ಬೀದಿಗೊಂದು ಕಡೆ ಸಿಗುತ್ತದೆ, ನಲ್ಲಿ ನೀರು ಕುಡಿಯಬಹುದು. ಮನೆಯ ರಾಗಿ ಸರಿ ಹಿಟ್ಟು ಅರ್ಧ ಕೆಜಿ ಡಬ್ಬಿಯಲ್ಲಿರಲಿ, ರೂಮಿನಲ್ಲಿ ಮಾಡಿಕೊಡಲು ಸಣ್ಣ ಎಲೆಕ್ಟ್ರಿಕ್ ಪಾತ್ರೆ ಒಯ್ಯಿರಿ. ಜ್ವರದ ಔಷಧಿ, ಓಆರ್‌ಎಸ್, ಡಾಕ್ಟರ ಚೀಟಿ ಕೈಚೀಲದಲ್ಲಿ. ಕೊಡೀನ್ ಇರುವ ಕೆಮ್ಮಿನ ಸಿರಪ್ ಯಾರದ್ದೂ ಬೇಡ, ಅಲ್ಲಿ ಅದಕ್ಕೆ ಬಿಗಿ ನಿಯಂತ್ರಣವಿದೆ. ಎಲ್ಲ ಕಡೆ ಎಸಿ ಥಂಡಿ, ಮಗುವಿಗೆ ತೆಳ್ಳನೆ ಸ್ವೆಟರ್ ಬೇಕು.

ಮರೆಯುವ ಮೊದಲು ಇನ್ನೊಂದು. ಅತ್ತೆಯವರು ದಾರಿಗೆಂದು ಅಂಟಿನುಂಡೆ, ಕರ್ಜಿಕಾಯಿ ಮಾಡುತ್ತಿದ್ದಾರೆ ಎಂದು ಬರೆದಿದ್ದೀರಿ. ಮಾಡಲಿ, ಎರಡು ಉಂಡೆ ನಮ್ಮ ಕಚೇರಿಗೂ ಕಳಿಸಲಿ. ಆದರೆ ಸಿಂಗಾಪುರಕ್ಕೆ ಹೋಗುವ ಡಬ್ಬಿಗೆ ಗಸಗಸೆ ಹಾಕಬೇಡಿ ಎಂದು ಈಗಲೇ ಹೇಳಿ. ಅಫೀಮಿನ ಗಿಡದ ಬೀಜ ಅಂತ ಆ ದೇಶದಲ್ಲಿ ಗಸಗಸೆಯ ಮೇಲೆ ಬಲು ಕಟ್ಟುನಿಟ್ಟು. ಹುರಿದು ಕಲಸಿದ ಮೇಲೆ ಆರಿಸಿ ತೆಗೆಯಲು ಆಗುವುದಿಲ್ಲ.